ಅಂಗಾಂಗ ಮುದ್ರಣ: ಯಂತ್ರ ಸಿದ್ಧ, ಶಾಯಿಯದೇ ತೊಡಕು

ಮೂಡಲಗಿ, ಗೋಕಾಕ, ಹುಕ್ಕೇರಿ ಭಾಗದ ರೋಗಿಗೆ ಮೂತ್ರಪಿಂಡ ಕಸಿ ಅಗತ್ಯವಾದರೆ ಬೆಳಗಾವಿ, ಹುಬ್ಬಳ್ಳಿ ಇಲ್ಲವೆ ಬೆಂಗಳೂರಿನ ಹಾದಿ ಹಿಡಿಯಬೇಕು. ದಾನಿ ದೊರೆಯುವವರೆಗೆ ಕಾಯಬೇಕು. ಪ್ರಯೋಗಾಲಯದಲ್ಲಿ ಅಂಗಾಂಗ 'ಮುದ್ರಿಸುವ' ಸುದ್ದಿ ಬಂದಾಗಲೆಲ್ಲ ಇಂಥ ಮನೆಗಳಲ್ಲಿ ಆಸೆ ಚಿಗುರುವುದು ಸಹಜ. ಆದರೆ ಯಂತ್ರಕ್ಕಿಂತ ದೊಡ್ಡ ತೊಡಕು ಅದಕ್ಕೆ ತುಂಬುವ ಶಾಯಿಯದು ಎಂಬ ಸಂಗತಿ ಶೀರ್ಷಿಕೆಗಳಲ್ಲಿ ಕಾಣುವುದಿಲ್ಲ.

ಈ ಶಾಯಿಯ ಮೂಲದ್ರವ್ಯವೇ ಹೈಡ್ರೋಜೆಲ್. ಬಹುಪಾಲು ನೀರನ್ನೇ ಹಿಡಿದಿಟ್ಟುಕೊಂಡ, ಲೋಳೆಯಂಥ ಪಾಲಿಮರ್ ಜಾಲ. ಜೀವಕೋಶಗಳನ್ನು ಇದರಲ್ಲಿ ಬೆರೆಸಿ ಸೂಜಿಯ ಮೂಲಕ ಪದರಪದರವಾಗಿ ಹರಿಸಲಾಗುತ್ತದೆ. ಜೆಲ್ ಗಟ್ಟಿಯಾಗಿದ್ದರೆ ಆಕಾರ ನಿಲ್ಲುತ್ತದೆ, ಆದರೆ ಹೊರತಳ್ಳುವ ಒತ್ತಡಕ್ಕೆ ಕೋಶಗಳು ಸಾಯುತ್ತವೆ. ತೆಳುವಾಗಿದ್ದರೆ ಕೋಶಗಳು ಬದುಕುತ್ತವೆ, ರಚನೆ ಕುಸಿಯುತ್ತದೆ. ಕಡಲಪಾಚಿಯಿಂದ ತೆಗೆಯುವ ಆಲ್ಜಿನೇಟ್ ಕ್ಯಾಲ್ಸಿಯಂ ಸೋಕಿದೊಡನೆ ಗಟ್ಟಿಯಾಗುತ್ತದೆ. ಕೋಶಗಳಿಗೆ ಮಾತ್ರ ಅದರಲ್ಲಿ ಹಿಡಿತ ಸಿಗದು. ಜೆಲಟಿನ್‌ನಲ್ಲಿ ಹಿಡಿತ ಸಿಗುತ್ತದೆ, ಆದರೆ ಅದು 37 ಡಿಗ್ರಿ ಸೆಲ್ಸಿಯಸ್‌ನ ದೇಹದ ಬಿಸಿಗೇ ಕರಗಿಬಿಡುತ್ತದೆ. ಹೀಗಾಗಿ ಜೆಲಟಿನ್‌ಗೆ ರಾಸಾಯನಿಕ ಕೊಂಡಿ ಸೇರಿಸಿ ಬೆಳಕಿನಿಂದ ಗಟ್ಟಿಗೊಳಿಸುವ 'ಜೆಲ್ಮಾ' ಸಂಶೋಧಕರ ಅಚ್ಚುಮೆಚ್ಚು. ಅಲ್ಲಿಯೂ ಬೆಳಕು ಹೆಚ್ಚಾದರೆ ಕೋಶಕ್ಕೆ ಪೆಟ್ಟು, ಕಡಿಮೆಯಾದರೆ ಜೆಲ್ ಸಡಿಲ.

ಕರ್ನಾಟಕ ಈ ಓಟದಲ್ಲಿ ಹಿಂದೆ ಬಿದ್ದಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಹಳೆಯ ವಿದ್ಯಾರ್ಥಿಗಳು ಕಟ್ಟಿದ ಬೆಂಗಳೂರಿನ ಪ್ಯಾಂಡೋರಂ ಟೆಕ್ನಾಲಜೀಸ್ 2015ರಲ್ಲಿ ಯಕೃತ್ತಿನ ಅಂಗಾಂಶ ಮುದ್ರಿಸಿತು. 2022ರಲ್ಲಿ ಸೆಲಿಂಕ್ ಕಂಪನಿಯ ಸಹಯೋಗದೊಂದಿಗೆ ವಿಜ್ಞಾನ ಸಂಸ್ಥೆಯಲ್ಲಿ ಜೈವಿಕ ಮುದ್ರಣದ ಉತ್ಕೃಷ್ಟತಾ ಕೇಂದ್ರ ಘೋಷಣೆಯಾಯಿತು. ಅದೇ ವರ್ಷ ಹೈದರಾಬಾದಿನ ಸಂಶೋಧಕರು ಮಾನವ ಕಾರ್ನಿಯಾದಿಂದಲೇ ಪಡೆದ ಹೈಡ್ರೋಜೆಲ್ ಬಳಸಿ ಹೊಸ ಕಾರ್ನಿಯಾ ಮುದ್ರಿಸಿ, ಮೊಲದ ಕಣ್ಣಿಗೆ ಅಳವಡಿಸಿದರು.

ಕಾರ್ನಿಯಾಕ್ಕೆ ಮೊದಲ ಸರದಿ ಸಿಕ್ಕಿದ್ದು ಆಕಸ್ಮಿಕವೇನಲ್ಲ. ಅದು ತೆಳು, ಅದರಲ್ಲಿ ರಕ್ತನಾಳಗಳೇ ಇಲ್ಲ. ದಪ್ಪ ಅಂಗಾಂಶದಲ್ಲಿ ರಕ್ತನಾಳದಿಂದ ಸುಮಾರು 0.2 ಮಿಲಿಮೀಟರ್ ದಾಟಿದರೆ ಕೋಶಕ್ಕೆ ಸಾಕಷ್ಟು ಆಮ್ಲಜನಕ ತಲುಪದು. ಮೂತ್ರಪಿಂಡದಷ್ಟು ಗಾತ್ರದ ಜೆಲ್‌ನೊಳಗೆ ಅಂಥ ಸೂಕ್ಷ್ಮನಾಳಗಳ ಜಾಲವನ್ನು ಪೂರ್ಣವಾಗಿ ನೇಯುವ ವಿದ್ಯೆ ಜಗತ್ತಿನಲ್ಲಿ ಯಾರಿಗೂ ಕೈವಶವಾಗಿಲ್ಲ.

ಸದ್ಯದ ಪ್ರಯೋಜನ ಔಷಧ ಪರೀಕ್ಷೆಗೆ ಬೇಕಾದ ಪುಟ್ಟ ಅಂಗಾಂಶಗಳಲ್ಲಿದೆ. 2023ರಲ್ಲಿ ಕೇಂದ್ರ ಸರ್ಕಾರ ನಿಯಮ ತಿದ್ದುಪಡಿ ಮಾಡಿ, ಪ್ರಾಣಿಪ್ರಯೋಗಕ್ಕೆ ಬದಲಾದ ವಿಧಾನಗಳಿಗೂ ದಾರಿ ತೆರೆಯಿತು. ಯಂತ್ರ ತರಿಸಿ ಉದ್ಘಾಟಿಸುವುದು ಸುಲಭ. ಒಂದು ಜೆಲ್‌ನ ಹದವನ್ನು ವರ್ಷಗಟ್ಟಲೆ ತಿದ್ದುವ ಕೆಲಸಕ್ಕೆ ಅನುದಾನ ಕೇಳುವುದು ಕಷ್ಟ. ಅಲ್ಲಿಯವರೆಗೆ ಮೂಡಲಗಿಯ ರೋಗಿಯ ಹೆಸರು ರಾಜ್ಯದ 'ಜೀವಸಾರ್ಥಕತೆ'ಯ ಕಾಯುವ ಪಟ್ಟಿಯಲ್ಲೇ ಇರಬೇಕಾಗುತ್ತದೆ.