ಕೆಂಚಿ ಬರುವ ಮುನ್ನ

ಎರಡು ವರ್ಷದ ಹಿಂದೆ ಮಗಳು ಹುಟ್ಟುಹಬ್ಬಕ್ಕೆ ನಾಯಿಮರಿಯೇ ಬೇಕೆಂದು ಹಟ ಹಿಡಿದಳು. ನಾವೂ ಹೆಚ್ಚು ಯೋಚಿಸಲಿಲ್ಲ. ಪರಿಚಯದವರ ಮನೆಯ ನಾಯಿ ಮರಿ ಹಾಕಿತ್ತು. ಒಂದು ತಿಂಗಳ ಬಿಳಿ ಮರಿಯೊಂದನ್ನು ರಟ್ಟಿನ ಡಬ್ಬದಲ್ಲಿಟ್ಟು, ಡಬ್ಬಕ್ಕೆ ರಿಬ್ಬನ್ ಕಟ್ಟಿ ತಂದುಬಿಟ್ಟೆವು. ಚಿನ್ನು ಎಂದು ಹೆಸರಿಟ್ಟದ್ದೂ ಆಯಿತು. ಲಸಿಕೆಯನ್ನು ಮುಂದಿನ ವಾರ ಹಾಕಿಸಿದರಾಯಿತು ಅಂದುಕೊಂಡೆವು.

ಹನ್ನೆರಡನೆಯ ದಿನ ಮರಿ ವಾಂತಿ ಮಾಡಿತು. ಮರುದಿನ ರಕ್ತಭೇದಿ. ಪಶುವೈದ್ಯರು ಡ್ರಿಪ್ ಹಾಕಿದರು, ಪಾರ್ವೊ ಕಾಯಿಲೆ ಎಂದರು. ಆ ರಾತ್ರಿ ಮಗಳು, "ಅಮ್ಮಾ, ಚಿನ್ನುಗೆ ಏನೂ ಆಗಲ್ಲ ಅಲ್ವಾ?" ಎಂದು ಕೇಳಿದಳು. "ಏನೂ ಆಗಲ್ಲ ಪುಟ್ಟಿ" ಎಂದೆ. ಬೆಳಗಾಗುವಷ್ಟರಲ್ಲಿ ಚಿನ್ನು ಹೋಗಿತ್ತು. ಆಮೇಲೆ ಎಷ್ಟೋ ದಿನ ಅವಳು ನನ್ನ ಯಾವ ಮಾತನ್ನೂ ಪೂರ್ತಿ ನಂಬಲಿಲ್ಲ.

ತಪ್ಪು ಎಲ್ಲಾಯಿತೆಂದು ವೈದ್ಯರು ಬೈಯದೆ ವಿವರಿಸಿದರು. ಮರಿಯನ್ನು ಎಂಟು ವಾರ ತುಂಬುವ ಮೊದಲು ತಾಯಿಯಿಂದ ಬಿಡಿಸಬಾರದು. ಆರರಿಂದ ಎಂಟು ವಾರದೊಳಗೆ ಮೊದಲ ಲಸಿಕೆ, ಆಮೇಲೆ ಮೂರು ನಾಲ್ಕು ವಾರಕ್ಕೊಮ್ಮೆ ಹದಿನಾರು ವಾರದವರೆಗೆ. ಮೂರು ತಿಂಗಳಿಗೆ ರೇಬೀಸ್ ಲಸಿಕೆ. ಪಾರ್ವೊ ವೈರಸ್ ನೆಲದಲ್ಲಿ, ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ, ನೆರಳಿನ ಜಾಗದಲ್ಲಿ ವರ್ಷದವರೆಗೂ. ಆದ್ದರಿಂದ ಸದ್ಯಕ್ಕೆ ಬೇರೆ ಮರಿ ತರಬೇಡಿ ಎಂದರು. ಮಾಮೂಲಿ ಫಿನೈಲ್ ನಂಬಬೇಡಿ, ಒಂದು ಪಾಲು ಬ್ಲೀಚ್‌ಗೆ ಮೂವತ್ತು ಪಾಲು ನೀರು ಬೆರೆಸಿ, ನೆಲದ ಮೇಲೆ ಹತ್ತು ನಿಮಿಷ ಬಿಟ್ಟು ಒರೆಸಿ ಎಂದೂ ಹೇಳಿದರು. ಹಾಗೇ ಮಾಡಿದೆವು. ಡಬ್ಬ, ರಿಬ್ಬನ್ನು ಎರಡನ್ನೂ ಸುಟ್ಟೆವು.

ಈ ವರ್ಷ ಮಗಳು ಮತ್ತೆ ಕೇಳಿದಳು. ಆದರೆ ಈ ಸಲ ಹಟವಿರಲಿಲ್ಲ. "ನಾಯೀನೇ ಆಗಬೇಕಂತಿಲ್ಲ ಅಮ್ಮಾ. ನಮ್ಮ ಮನೇಲಿ ಯಾವುದು ಚೆನ್ನಾಗಿರುತ್ತೋ ಅದು" ಎಂದಳು. ಹತ್ತು ವರ್ಷದ ಮಗು ನಮಗಿಂತ ಸರಿಯಾದ ಪ್ರಶ್ನೆ ಕೇಳಿತ್ತು.

ಭಾನುವಾರ ಊಟವಾದ ಮೇಲೆ ಎಲ್ಲರೂ ಕುಳಿತೆವು. ಮೊದಲು ನಮ್ಮ ಮನೆಯ ದಿನಚರಿ ಬರೆದೆವು. ನಾನೂ ನಮ್ಮವರೂ ಒಂಬತ್ತಕ್ಕೆ ಹೊರಟರೆ ಬರುವುದು ಆರಕ್ಕೆ. ಮಗಳು ಶಾಲೆಯಿಂದ ಬರುವುದು ನಾಲ್ಕಕ್ಕೆ. ಇಡೀ ದಿನ ಮನೆಯಲ್ಲಿರುವವರು ಅತ್ತೆ ಒಬ್ಬರೇ, ಅವರಿಗೆ ಮಂಡಿನೋವು. ಮರಿ ತಂದರೆ ಎರಡು ಗಂಟೆಗೊಮ್ಮೆ ಹೊರಗೆ ಕರೆದೊಯ್ಯುವವರಾರು?

ಗಿಣಿ ಸಾಕೋಣವೆಂದಳು ಮಗಳು. ನಮ್ಮ ದೇಶದ ಗಿಣಿಗಳನ್ನು ಪಂಜರದಲ್ಲಿ ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ನಕ್ಷತ್ರ ಆಮೆಯೂ ಹಾಗೆಯೇ, ಯಾರು ಮಾರಲು ಬಂದರೂ ಕೊಳ್ಳಬಾರದು. ಮೊಲವೆಂದರೆ ವೈರು ಕಡಿಯುವ ಕಾಟ. ನಮ್ಮವರು ಮೀನು ಅಂದರು, ಮಗಳು ಮುಖ ಸಣ್ಣ ಮಾಡಿದಳು. ಸುತ್ತಿ ಬಳಸಿ ನಾಯಿಗೇ ಬಂದೆವು. ಆದರೆ ಮರಿ ಬೇಡ, ಬೆಳೆದ ನಾಯಿ ಸಾಕು ಎಂದು ತೀರ್ಮಾನವಾಯಿತು. ನಾಯಿ ಹನ್ನೆರಡು ಹದಿನೈದು ವರ್ಷ ಬಾಳುವ ಜೀವ. ಮಗಳು ಬೆರಳು ಮಡಚಿ ಲೆಕ್ಕ ಹಾಕಿ, "ಹಾಗಾದ್ರೆ ನಾನು ಕಾಲೇಜು ಮುಗಿಸಿದ್ರೂ ಅದು ಇರುತ್ತೆ" ಎಂದಳು. ಹಾಸ್ಟೆಲಿಗೆ ಹೋದರೆ ನೋಡಿಕೊಳ್ಳುವವರು ಯಾರೆಂದು ಅಲ್ಲೇ ಕೇಳಿದೆ. "ನಾನು" ಎಂದರು ನಮ್ಮವರು. ಆ ಮಾತನ್ನು ಚೀಟಿಯಲ್ಲಿ ಬರೆಸಿಕೊಂಡೆ.

ಅತ್ತೆ ಅಷ್ಟು ಹೊತ್ತೂ ಸುಮ್ಮನಿದ್ದರು. "ಅತ್ತೆ, ನೀವು ಬೇಡ ಅಂದ್ರೆ ಬೇಡ" ಎಂದೆ. ಅದು ಬರೀ ಮರ್ಯಾದೆಯ ಮಾತಾಗಿರಲಿಲ್ಲ. ದಿನವಿಡೀ ಆ ಪ್ರಾಣಿಯ ಜೊತೆ ಇರಬೇಕಾದವರು ಅವರು. "ಅಡುಗೆಮನೆ, ದೇವರಮನೆಗೆ ಬರಕೂಡದು. ಉಳಿದದ್ದು ನಿಮ್ಮಿಷ್ಟ ಕಣಮ್ಮಾ" ಎಂದರು.

ಹಿಂದಿನ ಬೀದಿಯ ನಿವೃತ್ತ ಟೀಚರೊಬ್ಬರು ಕಂದುಬಣ್ಣದ ಬೀದಿನಾಯಿಯೊಂದನ್ನು ಸಾಕಿದ್ದರು. ಹೆಸರು ಕೆಂಚಿ, ವಯಸ್ಸು ಎರಡು. ಸಂತಾನಹರಣ ಚಿಕಿತ್ಸೆ ಆಗಿದೆಯೆಂಬ ಗುರುತಿಗೆ ಕಿವಿಯ ತುದಿ ಕತ್ತರಿಸಿತ್ತು. ಟೀಚರು ಮಗನ ಮನೆಗೆ ಹೋಗುವವರಿದ್ದರು. ಈ ಸಲ ಒಂದೇ ದಿನಕ್ಕೆ ಕರೆತರಲಿಲ್ಲ. ಮೂರು ವಾರ ಸಂಜೆ ಹೋಗಿ ಕೂತು ಬಂದೆವು. ತಟ್ಟೆಯ ಹತ್ತಿರ ಹೋದರೆ ಗುರ್ ಎನ್ನುತ್ತದೆಯೇ, ಮಕ್ಕಳ ಗಲಾಟೆಗೆ ಬೆದರುತ್ತದೆಯೇ, ಒಬ್ಬಂಟಿ ಬಿಟ್ಟರೆ ಏನು ಮಾಡುತ್ತದೆ, ಎಲ್ಲ ನೋಡಿದೆವು. ನಾಲ್ಕನೆಯ ಸಂಜೆ ಅದಾಗಿಯೇ ಬಂದು ಮಗಳ ಕಾಲ ಬಳಿ ಮಲಗಿತು. ಲಸಿಕೆಯ ಕಾರ್ಡನ್ನು ವೈದ್ಯರಿಗೆ ತೋರಿಸಿದ ಮೇಲೆಯೇ ಟೀಚರಿಗೆ ಒಪ್ಪಿಗೆ ಹೇಳಿದೆವು.

ಮನೆ ಸಿದ್ಧ ಮಾಡಲು ಒಂದು ವಾರ ಹಿಡಿಯಿತು. ಮಗಳಿಗೆ, "ನೆಲಕ್ಕೆ ಕೂತು ನಾಯಿಯ ಎತ್ತರದಿಂದ ಮನೆ ನೋಡು" ಎಂದೆ. ನಮ್ಮ ಕಣ್ಣಿಗೆ ಬೀಳದ್ದೆಲ್ಲ ಅವಳಿಗೆ ಕಂಡಿತು. ಸೋಫಾದ ಹಿಂದೆ ಜೋತುಬಿದ್ದ ಚಾರ್ಜರ್ ವೈರು, ಸಿಂಕಿನ ಕೆಳಗೆ ಯಾವಾಗಲೋ ಇಟ್ಟು ಮರೆತ ಇಲಿಪಾಷಾಣ, ಗೇಟಿನ ಅಡಿಯ ಸಂದು, ಸರಿಯಾಗಿ ಕೂರದ ಸಂಪಿನ ಮುಚ್ಚಳ. ಒಂದೊಂದನ್ನೇ ಸರಿಪಡಿಸಿದೆವು. ಅಂಗಳದ ಕಣಗಿಲೆ ಗಿಡ ಅಡಿಯಿಂದ ಮುಡಿಯವರೆಗೆ ವಿಷ. ಪೂಜೆಯ ಹೂವಿನ ಗಿಡವೆಂದು ಅತ್ತೆ ಕಡಿಯಲು ಬಿಡಲಿಲ್ಲ, ಸುತ್ತ ತಂತಿಬೇಲಿ ಹಾಕಿದೆವು. ಅಡುಗೆಮನೆಗೆ ಬಡಗಿಯಿಂದ ಸೊಂಟದೆತ್ತರದ ಮರದ ಗೇಟು ಮಾಡಿಸಿದೆವು. ಮೆಟ್ಟಿಲ ಕೆಳಗೆ ಹಳೆ ಜಮಖಾನ ಹಾಸಿದೆವು. ಅಲ್ಲಿಗೆ ಹೋದ ನಾಯಿಯನ್ನು ಯಾರೂ ಕರೆಯಬಾರದು, ಮುಟ್ಟಬಾರದು ಎಂಬುದು ನಿಯಮ. ಫ್ರಿಜ್ಜಿನ ಮೇಲೊಂದು ಪಟ್ಟಿ ಅಂಟಿಸಿದೆವು: ಈರುಳ್ಳಿ ಹಾಕಿದ ಸಾಂಬಾರು, ದ್ರಾಕ್ಷಿ, ಒಣದ್ರಾಕ್ಷಿಯ ಪಾಯಸ, ಚಾಕೊಲೇಟು, ಬೇಯಿಸಿದ ಮೂಳೆ ಕೊಡಬಾರದು. ಪಕ್ಕದಲ್ಲಿ ಬೆಳಗಿನ ವಾಕ್ ಅಪ್ಪನದು, ಸಂಜೆಯದು ಮಗಳದು ಮತ್ತು ನನ್ನದು, ಜಂತುಹುಳದ ಮಾತ್ರೆಯ ತಾರೀಖು ನನ್ನ ಜವಾಬ್ದಾರಿ ಎಂದು ಬರೆದೆವು.

ಮಗಳಿಗೆ ಇನ್ನೊಂದು ಪಾಠವನ್ನೂ ಹೇಳಿಕೊಟ್ಟೆ. ಯಾವ ನಾಯಿ ಕಚ್ಚಿದರೂ, ಪರಚಿದರೂ, ಅದು ನಮ್ಮದೇ ಆಗಿದ್ದರೂ, ಬಚ್ಚಿಡಬಾರದು. ನಲ್ಲಿಯ ಕೆಳಗೆ ಸೋಪು ಹಚ್ಚಿ ಹದಿನೈದು ನಿಮಿಷ ತೊಳೆದು, ಕೂಡಲೇ ದೊಡ್ಡವರಿಗೆ ಹೇಳಿ ಆಸ್ಪತ್ರೆಗೆ ಹೋಗಬೇಕು. ಬೈಯುತ್ತಾರೆಂದು ಹೆದರಿ ಮುಚ್ಚಿಡುವ ಮಕ್ಕಳಿದ್ದಾರೆ. ಹಾಗಾಗಿ ಬೈಯುವುದಿಲ್ಲವೆಂದು ಮೊದಲೇ ಮಾತು ಕೊಟ್ಟೆ.

ಕೆಂಚಿ ಬಂದ ದಿನ ನೆಂಟರನ್ನಾಗಲಿ ಮಗಳ ಗೆಳತಿಯರನ್ನಾಗಲಿ ಕರೆಯಲಿಲ್ಲ. ಹೊಸ ಮನೆಗೆ ಬಂದ ನಾಯಿಗೆ ಭಯ ಇಳಿಯಲು ಮೂರು ದಿನ, ದಿನಚರಿ ಕಲಿಯಲು ಮೂರು ವಾರ, ಇದು ನನ್ನ ಮನೆ ಅನಿಸಲು ಮೂರು ತಿಂಗಳು ಎಂಬ ಲೆಕ್ಕವೊಂದಿದೆಯಂತೆ. ಮೊದಲ ರಾತ್ರಿ ಅದು ಊಟ ಮುಟ್ಟಲಿಲ್ಲ, ಗೇಟಿನ ಕಡೆಗೇ ನೋಡುತ್ತ ಕೂತಿತ್ತು. ಬೆಳಗ್ಗೆ ಐದಕ್ಕೆ ರಂಗೋಲಿ ಹಾಕಲು ಎದ್ದ ಅತ್ತೆ, "ನಿಮ್ಮ ಟೀಚರು ಬರಲ್ಲ ಕಣೇ, ಬಾ ಇಲ್ಲಿ" ಎನ್ನುತ್ತ ಮೊಸರನ್ನ ಕಲಸುತ್ತಿದ್ದುದು ಕಿವಿಗೆ ಬಿತ್ತು. ಎದ್ದು ನೋಡಿದರೆ ಅಡುಗೆಮನೆಯ ಗೇಟಿನ ಒಳಗೆ ಅವರು, ಹೊರಗೆ ಅದು.

ಮೊನ್ನೆ ಕೆಂಚಿ ಹುಲ್ಲು ತಿಂದು ಒಂದು ಸಲ ವಾಂತಿ ಮಾಡಿತು. ಮಗಳ ಮುಖ ಬಿಳಿಚಿಕೊಂಡಿತು. "ಏನೂ ಆಗಲ್ಲ ಅಲ್ವಾ ಅಮ್ಮಾ?" ಎಂದಳು.

ಈ ಸಲ ನಾನು ಹಾಗೆ ಹೇಳಲಿಲ್ಲ. "ಲಸಿಕೆ ಎಲ್ಲ ಆಗಿದೆ. ಇನ್ನೊಂದು ಸಲ ವಾಂತಿಯಾದ್ರೆ ತಕ್ಷಣ ಡಾಕ್ಟರ ಹತ್ರ ಹೋಗೋಣ. ನೀನೇ ಗಡಿಯಾರ ನೋಡ್ತಿರು" ಎಂದೆ. ಅವಳು ತಲೆಯಾಡಿಸಿ, ಕಾರ್ಡನ್ನು ತೆಗೆದು ತೊಡೆಯ ಮೇಲಿಟ್ಟುಕೊಂಡು ಮೆಟ್ಟಿಲ ಬಳಿ ಕೂತಳು. ಅರ್ಧ ಗಂಟೆಗೆ ಕೆಂಚಿ ಎದ್ದು ನೀರು ಕುಡಿದು, ಮೈ ಕೊಡವಿ, ಗೇಟಿನತ್ತ ಓಡಿತು. ವಾಕಿಂಗಿಗೆ ಹೊತ್ತಾಗಿತ್ತು.