ಮೂರು ಹುಲಿಗಳು

ಯಳಂದೂರಿನ ಬಿಳಿಗಿರಿರಂಗನ ಬೆಟ್ಟದಲ್ಲಿ ಹುಲಿಯಿರುವುದು ಎಲ್ಲರೂ ಬಲ್ಲ ಸಂಗತಿ. 2011ರಲ್ಲಿ ಆ ಕಾಡು ಹುಲಿ ಮೀಸಲು ಪ್ರದೇಶವಾಯಿತು. ಕೊಳ್ಳೇಗಾಲದ ಬೇಲಿಯಂಚಿನ ಎಕ್ಕದ ಗಿಡದ ಮೇಲೂ ಒಂದು ಹುಲಿಯುಂಟು. ಕಿತ್ತಳೆ ಬಣ್ಣದ ಆ ಚಿಟ್ಟೆಗೆ ಇಂಗ್ಲಿಷಿನಲ್ಲಿ ಪ್ಲೇನ್ ಟೈಗರ್ ಎಂದು ಹೆಸರು. ಹನೂರು ತಾಲ್ಲೂಕಿನ ಎಲ್ಲೆಯಲ್ಲಿ ಹರಿಯುವ ಕಾವೇರಿಯ ಮಹಸೀರ್ ಮೀನಾದರೋ, ಗಾಳ ಹಾಕುವವರ ಬಾಯಲ್ಲಿ ‘ನೀರಿನ ಹುಲಿ’!

ಇಂತಹ ಹೆಸರುಗಳು ಗೊಂದಲಕ್ಕೆ ಕಾರಣವಾದುದರಿಂದ ಅವನ್ನು ಕೈಬಿಡಬೇಕೆಂದು ಕೆಲವರು ವಾದಿಸುವುದುಂಟು. ನಾವು ಇದನ್ನು ಒಪ್ಪಲಾರೆವು. ಬಳಕೆಯ ಹೆಸರು ನಮ್ಮಲ್ಲಿ ಪ್ರಶ್ನೆಯನ್ನು ಹುಟ್ಟಿಸುತ್ತದೆ. ಹುಲಿಯ ಪಟ್ಟೆ ಪೊದೆಯಲ್ಲಿ ಅಡಗುವುದಕ್ಕೆ ನೆರವು. ಚಿಟ್ಟೆಯ ಬಣ್ಣವಾದರೋ ಎದ್ದು ಕಾಣುವುದಕ್ಕಾಗಿಯೇ ಇದೆ. ಅದರ ಮರಿಹುಳು ಎಕ್ಕದ ಎಲೆಯನ್ನು ತಿಂದು ಅದರ ವಿಷವನ್ನು ಮೈಯಲ್ಲಿ ಕೂಡಿಡಬಲ್ಲದು. ಒಮ್ಮೆ ಕಹಿಯುಂಡ ಹಕ್ಕಿ ಆ ಬಣ್ಣವನ್ನು ಮರೆಯುವುದಿಲ್ಲ. ಹೆಸರೊಂದೇ, ಉಪಾಯಗಳು ಮಾತ್ರ ತದ್ವಿರುದ್ಧ!

ಹುಲಿಯನ್ನೂ ಚಿಟ್ಟೆಯನ್ನೂ ಯಾರೂ ಒಂದೆಂದು ಭ್ರಮಿಸುವುದಿಲ್ಲ. ಅಪಾಯವಿರುವುದು ಒಂದೇ ಹೆಸರಿನ ಎರಡು ಜೀವಿಗಳು ನೋಡಲೂ ಒಂದೇ ರೀತಿ ಇರುವಾಗ. ಕಾವೇರಿಯ ಸ್ವಂತ ಮೀನು ಗೂನುಬೆನ್ನಿನ ಮಹಸೀರ್. 1946ರಲ್ಲಿ ಕಬಿನಿಯಲ್ಲಿ ಗಾಳಕ್ಕೆ ಸಿಕ್ಕಿದ ಒಂದು ಮೀನು 120 ಪೌಂಡು, ಎಂದರೆ ಸುಮಾರು 54 ಕಿಲೋಗ್ರಾಂ ತೂಗಿತು. 1970ರ ದಶಕದಿಂದೀಚೆಗೆ ಮಹಾರಾಷ್ಟ್ರದ ಲೋಣಾವಳದಲ್ಲಿ ಬೆಳೆಸಿದ, ನೀಲಿ ಈಜುರೆಕ್ಕೆಯ ಬೇರೊಂದು ಜಾತಿಯ ಮರಿಗಳನ್ನು ತಂದು ಈ ನದಿಗೆ ಬಿಟ್ಟರು. ಅದರ ಹೆಸರೂ ಮಹಸೀರ್! ಗಾಳಕ್ಕೆ ಮಹಸೀರ್ ಸಿಗುತ್ತಲೇ ಇದ್ದುದರಿಂದ ಯಾರಿಗೂ ಚಿಂತೆಯಾಗಲಿಲ್ಲ. 1998ರಿಂದ 2012ರವರೆಗಿನ ಗಾಳದ ದಾಖಲೆಗಳನ್ನು ಜಾತಿವಾರಾಗಿ ಬೇರ್ಪಡಿಸಿ ನೋಡಿದಾಗಲೇ, ಬಂದ ಮೀನು ಹೆಚ್ಚುತ್ತಿದ್ದುದೂ ಇದ್ದ ಮೀನು ಅಳಿಯುತ್ತಿದ್ದುದೂ ಬೆಳಕಿಗೆ ಬಂದಿತು. ಗೂನುಬೆನ್ನಿನ ಮೀನಿಗೆ ತೋರ್ ರೆಮಾದೇವಿಯೈ ಎಂಬ ಶಾಸ್ತ್ರೀಯ ನಾಮ ಖಚಿತವಾದುದು 2018ರಲ್ಲಿ. ಅದೇ ವರ್ಷ ಅದು ಅಳಿವಿನ ತೀವ್ರ ಅಪಾಯದಲ್ಲಿರುವ ಜೀವಿಗಳ ಪಟ್ಟಿಯನ್ನು ಸೇರಿತು. ಹೆಸರು ನಿಶ್ಚಯವಾಗದ ಜೀವಿಯನ್ನು ಪಟ್ಟಿಗೆ ಸೇರಿಸುವುದಾದರೂ ಹೇಗೆ?

ಭೌತಶಾಸ್ತ್ರವನ್ನು ಬೋಧಿಸುವ ನಮಗೆ ಇದು ಹೊಸ ಪಾಠವಲ್ಲ. ಅಂಗಡಿಯಲ್ಲಿ ‘ತೂಕ’ ಎಂಬ ಒಂದು ಮಾತು ಸಾಕು; ಪ್ರಯೋಗಶಾಲೆಯಲ್ಲಿ ದ್ರವ್ಯರಾಶಿಯನ್ನೂ ಭಾರವನ್ನೂ ಬೇರ್ಪಡಿಸದೆ ಲೆಕ್ಕ ಸರಿಹೋಗದು. ಹಾಗೆಂದು ಅಂಗಡಿಯ ಮಾತನ್ನು ನಾವು ಬಿಟ್ಟಿಲ್ಲವಷ್ಟೆ. ವಿದ್ಯಾರ್ಥಿಗಳು ತಮ್ಮ ಊರಿನ ಪ್ರಾಣಿಗಳ ಬಳಕೆಯ ಹೆಸರನ್ನು ಹಿರಿಯರಿಂದ ಕೇಳಿ ಬರೆದುಕೊಳ್ಳಲಿ. ಅದರ ಪಕ್ಕದಲ್ಲೇ ಶಾಸ್ತ್ರೀಯ ನಾಮವನ್ನೂ ಬರೆಯಲಿ. ಮೊದಲನೆಯದು ಜೀವಿಯನ್ನು ನಮ್ಮದಾಗಿಸುತ್ತದೆ. ಎರಡನೆಯದು ಅದನ್ನು ಲೆಕ್ಕಕ್ಕೆ ತರುತ್ತದೆ. ಕಾವೇರಿಯ ಹುಲಿ ಉಳಿಯಬೇಕಾದರೆ ಎರಡೂ ಬೇಕು.