ಒಬ್ಬರಿಗೇನು ಮಾಡ್ಕೊಳ್ಳೋದು?

"ತಿಂಡಿ ಆಯ್ತೇನೋ?"

ಅಮ್ಮನ ಫೋನು ಶುರುವಾಗೋದೇ ಹೀಗೆ. ತುಮಕೂರಿನಲ್ಲಿ ಸಂಜೆ 7 ಗಂಟೆ ಆದಾಗ ಇಲ್ಲಿ ಮಿನಿಯಾಪೊಲಿಸ್‌ನಲ್ಲಿ ನನಗೆ ಬೆಳಗ್ಗೆ ಏಳೂವರೆ. ಜನವರಿಯಲ್ಲಾದರೆ ಹೊರಗೆ ಮೈನಸ್ 20 ಡಿಗ್ರಿ, ಸರಿಯಾಗಿ ಬೆಳಕೂ ಹರಿದಿರೋಲ್ಲ. "ಹೂಂ, ಆಯ್ತಮ್ಮ" ಅಂತಿದ್ದೆ. ಎರಡು ಚಳಿಗಾಲ ಪೂರ್ತಿ ಹೀಗೇ ಸುಳ್ಳು ಹೇಳಿದೀನಿ. ನಿಜವಾಗಿ ಆಗಿರ್ತಿದ್ದದ್ದು ಒಂದು ಲೋಟ ಕಾಫಿ, ತಪ್ಪಿದರೆ ನಿಂತುಕೊಂಡೇ ತಿಂದ ತಣ್ಣನೆ ಸೀರಿಯಲ್ಲು.

"ಒಬ್ಬನಿಗೋಸ್ಕರ ಯಾರು ಮಾಡ್ಕೋತಾರೆ?" ಅನ್ನೋದು ನನ್ನ ವಾದ. ಒಂಟಿಯಾಗಿರೋ ನನ್ನ ಸಾಫ್ಟ್‌ವೇರ್ ಗೆಳೆಯರೆಲ್ಲರ ವಾದವೂ ಅದೇ. ಈ ವಾದ ತಪ್ಪು ಅಂತ ಹೇಳೋಕೇ ಇವತ್ತು ಬರೀತಿರೋದು.

ಮೊದಲು ದೋಸೆಯ ಕಥೆ ಹೇಳಿಬಿಡ್ತೀನಿ. ಬಂದ ವರ್ಷ ಉತ್ಸಾಹದಲ್ಲಿ ಅಕ್ಕಿ, ಉದ್ದು ನೆನೆಸಿ ರುಬ್ಬಿಟ್ಟೆ. ಬೆಳಗ್ಗೆ ನೋಡಿದರೆ ಹಿಟ್ಟು ಇಟ್ಟ ಹಾಗೇ ಇದೆ! ಹುದುಗು ಬರೋಕೆ ಬೆಚ್ಚಗಿರಬೇಕು, ನನ್ನ ಅಡುಗೆಮನೆ ರಾತ್ರಿ 18 ಡಿಗ್ರಿ. ಓವನ್ನಿನ ದೀಪ ಹಾಕಿ ಅದರೊಳಗಿಡು ಅಂತ ಗೆಳೆಯ ಹೇಳಿಕೊಟ್ಟ, ಬಂತು. ಆದರೆ ಅದು ನಾಲ್ಕು ಜನರ ಹಿಟ್ಟು. ಐದನೇ ದಿನಕ್ಕೆ ಬಾಯಿಗಿಡಲಾಗದಷ್ಟು ಹುಳಿ. ದೋಸೆ ತುಂಬಿದ ಮನೆಯ ತಿಂಡಿ ಕಣ್ರೀ. ಒಬ್ಬನೇ ಮಾಡಿಕೊಂಡರೆ ಮನೆ ಖಾಲಿ ಇರೋದು ಇನ್ನೂ ಜಾಸ್ತಿ ಗೊತ್ತಾಗುತ್ತೆ.

ಓಟ್ಸ್ ಪ್ಯಾನ್‌ಕೇಕ್ ಹೇಳಿಕೊಟ್ಟದ್ದು ಇಲ್ಲೇ ಹುಟ್ಟಿ ಬೆಳೆದ ನಮ್ಮ ಆಫೀಸಿನವರೊಬ್ಬರು. ರಾತ್ರಿ ಮಲಗೋ ಮುಂಚೆ ಒಂದು ಕಪ್ ಓಟ್ಸನ್ನ ಒಂದು ಕಪ್ ಬಟರ್‌ಮಿಲ್ಕ್‌ನಲ್ಲಿ ನೆನೆಸಿ ಫ್ರಿಜ್‌ನಲ್ಲಿಡಿ. ಇಲ್ಲಿಯ ಬಟರ್‌ಮಿಲ್ಕ್ ಅಂದರೆ ಗಟ್ಟಿ. ನಮ್ಮ ನೀರು ಮಜ್ಜಿಗೆ ಆಗೋಲ್ಲ, ಮೊಸರನ್ನೇ ಸ್ವಲ್ಪ ತೆಳ್ಳಗೆ ಮಾಡಿದರೆ ನಡೆಯುತ್ತೆ. ಓಟ್ಸ್ 'ರೋಲ್ಡ್' ಅಂತ ಬರೆದಿರೋದೇ ಆಗಬೇಕು. ಧಾನ್ಯ ಒಂದೇ. ಕತ್ತರಿಸಿದರೆ ಸ್ಟೀಲ್ ಕಟ್, ಅಂದರೆ ನುಚ್ಚು. ಹಬೆಯಲ್ಲಿ ಬೇಯಿಸಿ ಒತ್ತಿದರೆ ರೋಲ್ಡ್, ಅಂದರೆ ನಮ್ಮ ಗಟ್ಟಿ ಅವಲಕ್ಕಿ. ಇನ್ನೂ ತೆಳ್ಳಗೆ ಒತ್ತಿದ್ದು ಇನ್‌ಸ್ಟಂಟ್, ಪೇಪರ್ ಅವಲಕ್ಕಿ ಥರ. ಅದು ಬೆಳಗ್ಗೆಗೆ ಅಂಟಾಗಿರುತ್ತೆ.

ಬೆಳಗ್ಗೆ ಅದಕ್ಕೆ ಅರ್ಧ ಕಪ್ ಗೋಧಿಹಿಟ್ಟು, ಒಂದು ಮೊಟ್ಟೆ, ಎರಡು ಚಮಚ ಕರಗಿಸಿದ ಬೆಣ್ಣೆ, ಒಂದು ಚಮಚ ಸಕ್ಕರೆ, ಚಿಟಿಕೆ ಉಪ್ಪು, ಅರ್ಧ ಟೀ ಚಮಚ ಅಡುಗೆ ಸೋಡಾ. ಮಜ್ಜಿಗೆಯ ಹುಳಿಗೆ ಸೋಡಾ ಸೇರಿ ಗುಳ್ಳೆ ಏಳುತ್ತೆ, ರಾತ್ರಿಯಿಡೀ ಹುದುಗು ಬರಬೇಕಾದ್ದು ಎರಡೇ ನಿಮಿಷದಲ್ಲಿ ಮುಗೀತು. ಮೊಟ್ಟೆ ತಿನ್ನದವರು ಒಂದು ಕಳಿತ ಬಾಳೆಹಣ್ಣು ಕಿವುಚಿ ಹಾಕಿ.

ನನ್ನ ಮೊದಲ ತಪ್ಪು, ಇದನ್ನ ದೋಸೆ ಅಂದುಕೊಂಡದ್ದು. ಜೋರು ಉರಿ ಇಟ್ಟು, ಹಿಟ್ಟು ಹೊಯ್ದು, ಸೌಟಲ್ಲಿ ತೆಳ್ಳಗೆ ಹರಡಿದೆ. ಮಗುಚೋಕೆ ಹೋದರೆ ನಾಲ್ಕು ತುಂಡು, ಮೇಲೆ ಸೀದಿದೆ ಒಳಗೆ ಹಸಿ! ಗೋಧಿಗಿರೋ ಅಂಟುವ ಗುಣ ಓಟ್ಸಿಗಿಲ್ಲ, ಎಳೆದರೆ ಹರಿಯುತ್ತೆ. ಅಂಗೈ ಅಗಲಕ್ಕೆ ದಪ್ಪಗೆ ಹೊಯ್ದು, ಸಣ್ಣ ಉರಿಯಲ್ಲಿ ಮುಟ್ಟದೆ ಬಿಡಬೇಕು. ಮೇಲೆ ತೂತು ಬಿದ್ದು ಅಂಚು ಒಣಗಿದ ಮೇಲೆ ಒಂದೇ ಸಲ ಮಗುಚಿ. ಏಳೆಂಟು ಆಗುತ್ತೆ. ಮೂರು ಇವತ್ತಿಗೆ, ಉಳಿದದ್ದು ಫ್ರೀಜರಿಗೆ. ನಾಳೆ ಟೋಸ್ಟರಿನಲ್ಲಿಟ್ಟರೆ ಸಾಕು. ಒಬ್ಬನೇ ಇರೋನಿಗೆ ಇದಕ್ಕಿಂತ ಬೇಕಾ?

ಇನ್ನು ಸಿರಪ್ಪು. ಅಂಗಡಿಯಲ್ಲಿ 'ಪ್ಯಾನ್‌ಕೇಕ್ ಸಿರಪ್' ಅಂತ ಅಗ್ಗಕ್ಕೆ ಸಿಗೋದು ಹೆಚ್ಚಾಗಿ ಜೋಳದ ಸಿರಪ್ಪಿಗೆ ಬಣ್ಣ, ವಾಸನೆ ಬೆರೆಸಿದ್ದು. ನಿಜವಾದ ಮೇಪಲ್ ಒಂದು ಗ್ಯಾಲನ್ ಆಗಬೇಕಾದರೆ ಸುಮಾರು 40 ಗ್ಯಾಲನ್ ಮರದ ರಸ ಕುದಿಸಬೇಕು. ರಾತ್ರಿ ಹೆಪ್ಪುಗಟ್ಟಿ ಹಗಲು ಕರಗೋ ಚಳಿಗಾಲದ ಕೊನೇ ವಾರಗಳಲ್ಲೇ ಆ ರಸ ಚೆನ್ನಾಗಿ ಇಳಿಯೋದು. ದುಬಾರಿ ನಿಜ, ಆದರೆ ಒಬ್ಬನಿಗೆ ಎರಡು ಚಮಚ ಸಾಕಲ್ವಾ?

ಇದು ತಿಂದರೆ ಮಧ್ಯಾಹ್ನದವರೆಗೂ ಹಸಿವಿಲ್ಲ. ಓಟ್ಸಿನಲ್ಲಿ ಬೀಟಾ ಗ್ಲೂಕಾನ್ ಅನ್ನೋ ನಾರು ನೀರಲ್ಲಿ ಕರಗಿ ಗಂಜಿಯಂತಾಗಿ ಹೊಟ್ಟೆಯಿಂದ ನಿಧಾನಕ್ಕೆ ಇಳಿಯುತ್ತೆ. ಅದು ಹೃದಯಕ್ಕೆ ಒಳ್ಳೇದು ಅಂತ ಪ್ಯಾಕೆಟ್ ಮೇಲೆ ಬರೆದುಕೊಳ್ಳೋಕೆ ಅಮೆರಿಕದ ಎಫ್‌ಡಿಎ 1997ರಲ್ಲೇ ಒಪ್ಪಿದೆ. ಬೆಣ್ಣೆ, ಸಿರಪ್ಪು ಸುರಿದುಕೊಂಡ ಮೇಲೆ ಹೃದಯದ ಮಾತು ನಾನಾಡಬಾರದು ಬಿಡಿ :)

ಮೊನ್ನೆ ಡಿಸೆಂಬರಿನಲ್ಲಿ ಅಮ್ಮ "ತಿಂಡಿ ಆಯ್ತೇನೋ?" ಅಂದಾಗ ವೀಡಿಯೋ ಹಾಕಿ ತಟ್ಟೆಯನ್ನೇ ತೋರಿಸಿದೆ. "ಪರವಾಗಿಲ್ವೇ, ಸೆಟ್ ದೋಸೆ ಥರ ಇದೆ" ಅಂದಳು. ಖುಷಿಯಲ್ಲಿ ಕೇಳಿದೆ, "ನಿಂದೇನಮ್ಮ ರಾತ್ರಿಗೆ?"

ಒಂದು ಕ್ಷಣ ಮಾತಿಲ್ಲ. ಆಮೇಲೆ, "ಮಧ್ಯಾಹ್ನದ ಅನ್ನ ಇದೆ, ಮಜ್ಜಿಗೆ ಕಲಸ್ಕೋತೀನಿ. ಒಬ್ಬಳಿಗೇನು ಮಾಡ್ಕೊಳ್ಳೋದು ಬಿಡೋ."

ಅಪ್ಪ ಹೋಗಿ ಮೂರು ವರ್ಷ ಆಯ್ತು. ಅಷ್ಟೂ ದಿನ "ಊಟ ಆಯ್ತಾ?" ಅಂದರೆ "ಸಾರು, ಪಲ್ಯ ಎಲ್ಲಾ ಮಾಡಿದ್ದೆ" ಅಂತಿದ್ದಳು. ನಾನು ಅವಳಿಗೆ, ಅವಳು ನನಗೆ. ನನ್ನ ವಾದ ಅವಳ ಬಾಯಲ್ಲಿ ಕೇಳಿದಾಗಲೇ ಅದು ಎಷ್ಟು ಕೆಟ್ಟ ವಾದ ಅಂತ ಗೊತ್ತಾದದ್ದು. ನಾಲ್ಕು ಜನಕ್ಕೆ ಬೇಯಿಸಿ ಹಾಕಿದವಳು ತನಗೆ ಒಂದು ರೊಟ್ಟಿ ತಟ್ಟಿಕೊಳ್ಳೋದು ದುಬಾರಿ ಅಂದುಕೊಂಡರೆ, ಅವಳ ಲೆಕ್ಕದಲ್ಲಿ ಅವಳೊಬ್ಬಳು ಮನುಷ್ಯಳೇ ಅಲ್ಲ ಅಂತಾಯ್ತು. ನಾನೂ ನನಗೆ ಅದನ್ನೇ ಮಾಡ್ಕೋತಿದ್ದೆ.

ಈಗ ನಮ್ಮಿಬ್ಬರದೂ ಒಂದು ಒಪ್ಪಂದ. ಇಬ್ಬರೂ ತಟ್ಟೆ ತೋರಿಸಬೇಕು, ಬರೀ ಬಾಯಿಮಾತು ನಡೆಯೋಲ್ಲ. ಕಳೆದ ವಾರ ಅವಳು ತೋರಿಸಿದ ಅಕ್ಕಿರೊಟ್ಟಿ ಪಕ್ಕದ ಮನೆಯಿಂದ ಬಂದದ್ದು ಅಂತ ನನಗೊಂದು ಗುಮಾನಿ ಇದೆ. ವಿಚಾರಣೆ ನಡೀತಿದೆ :)

ನೀವೂ ಒಂಟಿಯಾಗಿದ್ದರೆ ಇವತ್ತು ರಾತ್ರಿ ಒಂದು ಕಪ್ ಓಟ್ಸ್ ನೆನೆಹಾಕಿ. ಇಲ್ಲ, ಉಪ್ಪಿಟ್ಟೇ ಆಗಲಿ. ಬಿಸಿಯಾಗಿ ಮಾಡ್ಕೊಂಡು, ಕೂತ್ಕೊಂಡು ತಿನ್ನಿ. ಹಾಗೇ ಊರಿಗೊಂದು ಫೋನು ಮಾಡಿ, ಅಲ್ಲಿ ಏನು ಮಾಡ್ಕೊಂಡಿದ್ದಾರೆ ಅಂತ ಕೇಳಿ.